ವಾರ್ನಿಷ್ ಹಚ್ಚದ ಚಿತ್ರ

ನವೆಂಬರಿನ ಮೊದಲ ವಾರ ಹೈಡೆ ಪಟ್ಟಣದ ಬಸ್ಸು ಹಾರ್ಡರ್ಸ್ ಮನೆಯ ತಿರುವಿನಲ್ಲಿ ನಿಂತು, ಉದ್ದ ಕೋಟಿನ ಬಡಕಲು ಮನುಷ್ಯನೊಬ್ಬನನ್ನು ಇಳಿಸಿತೆಂದರೆ ಸಾಕು, ಹೊಲದಲ್ಲಿ ಕೊನೆಯ ಎಲೆಕೋಸು ಕೊಯ್ಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು ನಗುತ್ತಿದ್ದರು.

“ಟೆಲ್ಸಳ ವಾರ್ನಿಷ್ ಬಂತು ನೋಡ್ರೇ!”

“ಈ ವರ್ಷನಾದ್ರೂ ಹಚ್ಚಿಸ್ಕೋತಾಳಾ?”

“ಅವಳು ಹಚ್ಚಿಸ್ಕೊಳ್ಳಲ್ಲ, ಅವನು ಬರೋದು ಬಿಡಲ್ಲ. ನಮಗೆ ನಗೋಕೆ ಒಂದು ದಿನ ಸಿಗುತ್ತೆ, ಅಷ್ಟೇ.”

ಅವನ ಕೋಟಿನ ಒಳಜೇಬಿನಲ್ಲಿ ಒಂದು ಸಣ್ಣ ಬಾಟಲಿ ಇರುತ್ತಿತ್ತು. ಪಟ್ಟಣದಿಂದ ಹನ್ನೆರಡು ಮೈಲಿ ಅದನ್ನು ಮೈಶಾಖದಲ್ಲಿಟ್ಟುಕೊಂಡು ತರುತ್ತಿದ್ದ. ಚಳಿಗೆ ವಾರ್ನಿಷ್ ಗಟ್ಟಿಯಾಗಬಾರದಲ್ಲ. ಸಂಜೆಯ ಬಸ್ಸಿಗೆ ಅದೇ ಬಾಟಲಿಯನ್ನು ಮುಚ್ಚಳವೂ ತೆರೆಯದೆ ಹಾಗೇ ವಾಪಸು ಒಯ್ಯುತ್ತಿದ್ದ. ಹೀಗೆ ಏಳು ವರ್ಷ.

ಇದೆಲ್ಲ ಶುರುವಾದದ್ದು ನಲವತ್ತೇಳರ ನವೆಂಬರಿನಲ್ಲಿ. ಯುದ್ಧ ಮುಗಿದು ಎರಡು ವರ್ಷವಾಗಿದ್ದರೂ ಪಟ್ಟಣದವರ ಹೊಟ್ಟೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ದಿನಾ ಜನ ರತ್ನಗಂಬಳಿ ಹೊತ್ತು ಹಳ್ಳಿಗೆ ಬರುತ್ತಿದ್ದರು, ಆಲೂಗಡ್ಡೆ ಹೊತ್ತು ಹೋಗುತ್ತಿದ್ದರು. ಹಾರ್ಡರ್ಸ್ ಮನೆಯ ಅತ್ತೆ ಎಲ್ಸಾಬೆಯ ಕೊಟ್ಟಿಗೆಯಲ್ಲಿ ಹಸುವಿನ ಕಾಲಡಿಗೂ ಒಂದು ರತ್ನಗಂಬಳಿ ಇದೆ ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ತಮಾಷೆಯಲ್ಲ, ನಿಜವಾಗಿಯೂ ಇತ್ತು.

ಅಂಥ ಒಂದು ಬೆಳಗ್ಗೆ ಈ ಮನುಷ್ಯ ಬಾಗಿಲಲ್ಲಿ ಬಂದು ನಿಂತ. ಏವಾಲ್ಡ್ ನೌಯೋಕ್ಸ್ ಎಂದು ಹೆಸರು, ವಯಸ್ಸು ಐವತ್ತನಾಲ್ಕು. ಪೂರ್ವದ ಕ್ಯೋನಿಗ್ಸ್‌ಬರ್ಗಿನಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದವನು, ಈಗ ಹೈಡೆಯ ನಿರಾಶ್ರಿತರ ಶೆಡ್ಡಿನಲ್ಲಿ ಒಂದು ಮಂಚದ ಒಡೆಯ.

“ಗಡಿಯಾರ ತಂದಿದ್ದೀಯಾ?” ಎಲ್ಸಾಬೆ ಕೇಳಿದಳು.

“ಇಲ್ಲಮ್ಮ.”

“ಉಂಗುರ?”

“ಅದು ಯಾವಾಗಲೋ ಹೋಯ್ತು. ನಾನು ಚಿತ್ರ ಬರೀತೀನಿ.”

“ಚಿತ್ರ ತಗೊಂಡು ಸಾರು ಮಾಡ್ಲಾ?”

ಬಾಗಿಲು ಮುಚ್ಚುವುದರಲ್ಲಿತ್ತು. ಅಷ್ಟರಲ್ಲಿ ಸೊಸೆ ಟೆಲ್ಸ ಒಳಗಿನಿಂದ ಬಂದಳು. ಅವಳಿಗೆ ಆಗ ಮೂವತ್ತೊಂದು. ಮದುವೆಯಾಗಿ ಆರು ವಾರಕ್ಕೆ ಗಂಡ ಕ್ಲಾಸ್ ಸೈನ್ಯಕ್ಕೆ ಹೋದ. ನಲವತ್ನಾಲ್ಕರ ಬೇಸಿಗೆಯಲ್ಲಿ ಪೂರ್ವದ ರಣರಂಗದಲ್ಲಿ ಕಾಣೆಯಾದ. ಸತ್ತನೆಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆಂದೂ ಹೇಳಲಿಲ್ಲ. ಸರ್ಕಾರದ ಕಾಗದದಲ್ಲಿ ಇದ್ದದ್ದು ಅದೊಂದೇ ಪದ, ಕಾಣೆ.

“ಫೋಟೋ ನೋಡಿ ಬರೀತೀರಾ, ಮೇಷ್ಟ್ರೇ? ನನ್ನನ್ನೂ ನನ್ನ ಗಂಡನ್ನೂ ಜೊತೇಲಿ?”

ಅವಳು ಮದುವೆಯ ಫೋಟೋ ತಂದುಕೊಟ್ಟಳು. ಅವನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಹಸಿದವನು ಹೂಂ ಎಂದುಬಿಡಬೇಕಿತ್ತು. ಆದರೆ ಚಿತ್ರ ಬರೆಯುವ ಜನಕ್ಕೆ ಹೊಟ್ಟೆಗಿಂತ ಹಟ ದೊಡ್ಡದು.

“ಇವರನ್ನ ನಾನು ನೋಡಿಲ್ಲ, ಯಜಮಾನಿಯವ್ರೇ. ಇದು ಫೋಟೋ ತೆಗೆದವನು ನೋಡಿದ್ದು. ನಿಮ್ಮನ್ನ ಬರೀತೀನಿ, ಪಕ್ಕದಲ್ಲಿ ಇವರ ಕುರ್ಚಿ ಬರೀತೀನಿ. ಇವರು ಬಂದ ದಿನ ಹೇಳಿಕಳಿಸಿ, ಬಂದು ಕೂರಿಸಿಕೊಡ್ತೀನಿ.”

ಮೂರು ವರ್ಷದಲ್ಲಿ ‘ಬಂದರೆ’ ಎನ್ನದೆ ‘ಬಂದ ದಿನ’ ಎಂದವನು ಇವನೊಬ್ಬನೇ. ಒಂದು ತುಂಡು ಉಪ್ಪಿನ ಹಂದಿಮಾಂಸಕ್ಕೂ ಅರ್ಧ ಮೂಟೆ ಆಲೂಗಡ್ಡೆಗೂ ಮಾತು ಮುಗಿಯಿತು.

ಅಡುಗೆಮನೆಯಲ್ಲಿ ಆರು ದಿನ ಬರೆದ. ಬಟ್ಟೆ ಅಂದರೆ ಹಿಟ್ಟಿನ ಮೂಟೆಯನ್ನು ಬಿಚ್ಚಿ, ಗೋಂದು ಬಳಿದು, ಬೇಲಿಯ ಪಟ್ಟಿಗೆ ಬಡಿದದ್ದು. ಕಪ್ಪು, ಬಿಳಿ, ಕಂದು, ಹಸಿರು, ಒಂದಿಷ್ಟು ಕೆಂಪು ಬಿಟ್ಟರೆ ಬಣ್ಣವೂ ಇರಲಿಲ್ಲ. ಮೊದಲ ದಿನವೇ ಟೆಲ್ಸ ಅವನ ಬೂದು ಉಣ್ಣೆಯ ಕೈಗವಸು ನೋಡಿದಳು, ಬಲಗೈಯ ಹೆಬ್ಬೆರಳು ಪೂರ್ತಿ ಆಚೆ. ಇಸಿದುಕೊಂಡು ಹೆಣೆದುಕೊಟ್ಟಳು. ಬೂದು ನೂಲಿಲ್ಲದ್ದರಿಂದ ಕೆಂಪು ನೂಲು. ಅವನು ಹಾಕಿಕೊಂಡು ಬೆರಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಮರುದಿನ ಬಂದವನು ಕೈಗವಸು ಕಳಚಿ, ಯೋಚನೆಯಿಲ್ಲದೆ, ಕ್ಲಾಸನ ಕುರ್ಚಿಯ ಮೇಲಿಟ್ಟು ಕೆಲಸ ಶುರುಮಾಡಿದ. ಮಧ್ಯಾಹ್ನ ಎಲ್ಸಾಬೆ ಕೊಟ್ಟಿಗೆಯಿಂದ ಬಂದವಳೇ ನೋಡಿದಳು.

“ಏಯ್ ಬಣ್ಣದವನೇ! ಅದು ನನ್ನ ಮಗನ ಕುರ್ಚಿ. ಎತ್ತು ಅದನ್ನ.”

ಎತ್ತಿದ. ಅಂದಿನಿಂದ ಆ ಮನೆಯಲ್ಲಿ ಅವನ ಜಾಗ ಒಲೆಯ ಪಕ್ಕದ ಸೌದೆಪೆಟ್ಟಿಗೆ. ಊಟವೂ ಅಲ್ಲೇ, ತಟ್ಟೆ ತೊಡೆಯ ಮೇಲೆ.

ಆರನೆಯ ದಿನ ಚಿತ್ರ ತಿರುಗಿಸಿ ತೋರಿಸಿದಾಗ ಅತ್ತೆ ಸೊಸೆ ಇಬ್ಬರ ಕಣ್ಣೂ ಅದರಲ್ಲಿದ್ದ ಮುಖದ ಮೇಲೇ ನಿಂತವು. ಮೇಜಿನ ಮುಂದೆ ಒಬ್ಬ ಹೆಂಗಸು, ಕೈಗಳು ಅವಳವಲ್ಲವೇನೋ ಎಂಬಷ್ಟು ದೊಡ್ಡವು, ಕಣ್ಣ ಕೆಳಗೆ ಹಸಿರು, ಕೆನ್ನೆಯ ಮೇಲೂ ಹಸಿರು. ಪಕ್ಕದಲ್ಲಿ ಕತ್ತಲಲ್ಲಿ ಮುಳುಗಿದ ಕುರ್ಚಿ.

“ನಿನ್ನ ಮುಖ ನಮ್ಮ ಹೊಲದ ಕೋಸೇ ಆಗೋಯ್ತಲ್ಲೇ,” ಎಂದಳು ಎಲ್ಸಾಬೆ. “ಮಾಂಸ ತಿಂದು ಇದಾ ಬರೆದದ್ದು?”

ಟೆಲ್ಸಳಿಗೂ ಮೊದಲು ಕೋಪ ಬಂತು. ಆದರೆ ರಾತ್ರಿ ಮುಖ ತೊಳೆದು ಕನ್ನಡಿ ನೋಡಿಕೊಂಡಾಗ ಅವನು ಸುಳ್ಳು ಬರೆದಿಲ್ಲ ಎಂದು ಗೊತ್ತಾಯಿತು. ಮೂರು ವರ್ಷದಿಂದ ನಿದ್ದೆಗೆಟ್ಟವಳ ಮುಖ ಅದು. ಊರಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ, ಅವನು ಗಮನಿಸಿದ್ದ.

ಹೋಗುವಾಗ ಅವನು ಎರಡು ಮಾತು ಹೇಳಿದ. “ಅಡುಗೆಮನೆಯಲ್ಲೇ ನೇತುಹಾಕಿ, ಕಿಟಕಿ ಎದುರಿಗೆ. ಇದಕ್ಕೆ ಬೆಳಕು ಬೇಕು. ಬಣ್ಣ ಪೂರ್ತಿ ಒಣಗೋಕೆ ಒಂದು ವರ್ಷ. ಆಮೇಲೆ ನಾನೇ ಬಂದು ವಾರ್ನಿಷ್ ಹಚ್ಚಿಕೊಡ್ತೀನಿ. ಅಲ್ಲೀವರೆಗೆ ಇದು ಮುಗಿದ ಹಾಗಲ್ಲ.”

ಅಡುಗೆಮನೆಯಲ್ಲಿ ಚಿತ್ರ ನೇತುಹಾಕುವವರು ಆ ಸೀಮೆಯಲ್ಲಿ ಯಾರಿದ್ದಾರೆ? ಚಿತ್ರ ಅಂದ ಮೇಲೆ ಅದರ ಜಾಗ ದೊಡ್ಡ ಕೋಣೆ. ಪ್ರತಿ ಮನೆಯಲ್ಲೂ ಇರುವ ಆ ಕೋಣೆ ತೆರೆಯುವುದು ಕ್ರಿಸ್‌ಮಸ್ಸಿಗೆ, ಸಾವಿಗೆ, ಪಾದ್ರಿ ಬಂದರೆ. ಒಲೆ ಹಚ್ಚುವುದಿಲ್ಲ. ಸೋಫಾದ ಬಟ್ಟೆ ಮಾಸೀತೆಂದು ಪರದೆ ಸರಿಸುವುದಿಲ್ಲ. ಮರ್ಯಾದೆ ಕೊಡಬೇಕೆಂದೇ ಅತ್ತೆ ಸೊಸೆ ಸೇರಿ ಚಿತ್ರವನ್ನು ಆ ತಣ್ಣನೆಯ ಕತ್ತಲಲ್ಲಿ ನೇತುಹಾಕಿದರು. ಬೇಸಿಗೆ ಬರುವಷ್ಟರಲ್ಲಿ ಕಪ್ಪು ಬಣ್ಣವೆಲ್ಲ ಬೂದಿ ಬಳಿದಂತೆ ಮಂಕಾಯಿತು. ಕುರ್ಚಿಯ ಜಾಗದಲ್ಲಿ ಚಹಾ ಚೆಲ್ಲಿದಂಥ ಒಂದು ಕಲೆ ಮಾತ್ರ ಉಳಿಯಿತು.

“ಹಂದಿಯ ಚರ್ಬಿ ತಿಕ್ಕು, ಹೊಳೆಯುತ್ತೆ,” ಎಂದಳು ಎಲ್ಸಾಬೆ.

“ಮೇಷ್ಟ್ರು ಬರ್ತಾರೆ, ಅತ್ತೆ.”

ಬಂದ. ನಲವತ್ತೆಂಟರ ನವೆಂಬರಿನಲ್ಲಿ ಹೇಳಿದ ಮಾತಿನಂತೆ ಬಾಟಲಿ ಹಿಡಿದು ಬಂದ. ಟೆಲ್ಸ ದೊಡ್ಡ ಕೋಣೆಯ ಬಾಗಿಲು ತೆರೆದಳು. ಅವನು ಬ್ರಷ್ ತೆಗೆಯುವಾಗ ಸುಮ್ಮನೆ ಎಂಬಂತೆ ಕೇಳಿದಳು, “ಇದು ಹಚ್ಚಿದ ಮೇಲೂ ಕ್ಲಾಸ್‌ನ ಬರೀಬಹುದು ತಾನೆ?”

ಅವನ ಕೈ ನಿಂತಿತು. “ಇಲ್ಲ, ಯಜಮಾನಿಯವ್ರೇ. ವಾರ್ನಿಷ್ ಅಂದ್ರೆ ಬಾಗಿಲು ಹಾಕಿದ ಹಾಗೆ. ಅದರ ಮೇಲೆ ಬಣ್ಣ ಕಚ್ಚಲ್ಲ.”

“ಹಾಗಾದ್ರೆ ಈ ವರ್ಷ ಬೇಡ.”

ಅವನು ಬ್ರಷ್ಷನ್ನು ಮತ್ತೆ ಬಟ್ಟೆಗೆ ಸುತ್ತಿದ. “ಸರಿ. ಮುಂದಿನ ವರ್ಷ ಬರ್ತೀನಿ.”

ಏವಾಲ್ಡ್ ಬರುತ್ತಲೇ ಇದ್ದ. ಬಂದು ಸೌದೆಪೆಟ್ಟಿಗೆಯ ಮೇಲೆ ಕೂತು, ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಹಿಟ್ಟಿನ ಕಡುಬನ್ನು ಹಂದಿಮಾಂಸದ ಜೊತೆ ತಿಂದು, ಬಾರ್ಲಿ ಕಾಫಿ ಕುಡಿದು, ಕೊನೆಗೆ “ಇವತ್ತು ಹಚ್ಚೋಣವಾ?” ಎನ್ನುತ್ತಿದ್ದ. ಅವಳು “ಈ ವರ್ಷ ಬೇಡ” ಎನ್ನುತ್ತಿದ್ದಳು. ಎಲ್ಸಾಬೆ ಮೂಲೆಯಿಂದ, “ಅವನು ಬರೋದು ಕಡುಬಿಗೆ ಕಣೇ, ವಾರ್ನಿಷ್‌ಗಲ್ಲ,” ಎಂದು ಅವನಿಗೆ ಕೇಳುವಂತೆಯೇ ಹೇಳುತ್ತಿದ್ದಳು. “ಹೌದಮ್ಮ, ನಿಮ್ಮ ಕಡುಬಿಗೇ,” ಎಂದು ಅವನೂ ತಲೆಯಾಡಿಸುತ್ತಿದ್ದ. ಮುದುಕಿಗೆ ಅವನನ್ನು ಕಂಡರೆ ಒಳಗೊಳಗೇ ಇಷ್ಟ ಎಂಬುದು ಅವಳೊಬ್ಬಳಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಐವತ್ತೊಂದರಲ್ಲಿ ಒಮ್ಮೆ ಅವನು ತಾನಾಗಿಯೇ ಮಾತಾಡಿದ.

“ನಮ್ಮೂರಲ್ಲಿ ನನ್ನವು ಮುನ್ನೂರ ಹನ್ನೊಂದು ಚಿತ್ರ ಇದ್ದವು. ಬಾಂಬು ಬಿದ್ದು ಒಂದೇ ರಾತ್ರೀಲಿ ಎಲ್ಲಾ ಹೋದ್ವು. ನನ್ನ ಹೆಂಡತೀನೂ ಮನೇಲಿದ್ಲು.” ಕಾಫಿ ಲೋಟವನ್ನು ಕೈಯಲ್ಲಿ ತಿರುಗಿಸಿದ. “ಈಗ ನಿಮ್ಮನೆಯಲ್ಲಿರೋದೇ ನನ್ನ ಎಲ್ಲಕ್ಕಿಂತ ಹಳೇ ಚಿತ್ರ.”

“ಈಚೆಗೆ ಬರೆದದ್ದು ಮಾರಾಟ ಆಗ್ತಿಲ್ವಾ, ಮೇಷ್ಟ್ರೇ?”

“ಹ್ಯಾಂಬರ್ಗಿನಲ್ಲಿ ಒಬ್ಬ ಅಂಗಡಿಯವನಿಗೆ ತೋರಿಸ್ದೆ. ಗೆರೆ, ಚುಕ್ಕಿ, ಮಸಿ ಚೆಲ್ಲಿದ್ದು ಇದ್ರೆ ತನ್ನಿ ಅಂದ. ಈಗ ಯಾರಿಗೂ ಮುಖ ಬೇಡವಂತೆ.” ನಕ್ಕ. “ಅದಕ್ಕೇ ಆಸೆ, ಇದೊಂದನ್ನ ಮುಗಿಸಿ ನೋಡ್ಬೇಕು ಅಂತ. ಕತ್ತಲಿನ ಬಣ್ಣ ಎಲ್ಲಾ ಒಳಗೆ ಹೋಗಿ ಕೂತಿದೆ. ವಾರ್ನಿಷ್ ಬಿದ್ರೆ ಮೇಲಕ್ಕೆ ಬರುತ್ತೆ.”

ಟೆಲ್ಸಳಿಗೆ ಪಾಪ ಎನ್ನಿಸಿತು. ಆದರೂ ಆ ವರ್ಷವೂ ಬೇಡವೆಂದಳು. ಆ ಚಿತ್ರ ಎಲ್ಲಿಯವರೆಗೆ ಮುಗಿದಿಲ್ಲವೋ ಅಲ್ಲಿಯವರೆಗೆ ಕ್ಲಾಸ್ ಬರಬಹುದು. ತಾನೇ ಕೈಯಾರೆ ಬಾಗಿಲು ಹಾಕಿ, ನಾಳೆ ಅವನು ಬಂದು ಆಚೆ ನಿಂತರೆ? ಇದು ಹುಚ್ಚು ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ಬಿಡಲಾಗಲಿಲ್ಲ. ಗಂಡ ಸತ್ತನೆಂದು ಬರೆದುಕೊಟ್ಟು ಪಿಂಚಣಿ ತೆಗೆದುಕೊಳ್ಳಿ ಎಂದು ಕಚೇರಿಯವರು ಎರಡು ಸಲ ಕಾಗದ ಕಳಿಸಿದ್ದರು. ಅವು ಬೀರುವಿನ ಡ್ರಾಯರಿನಲ್ಲಿ ಸಹಿಯಿಲ್ಲದೆ ಬಿದ್ದಿದ್ದವು.

ಐವತ್ಮೂರರ ಮಾರ್ಚಿನಲ್ಲಿ ಎಲ್ಸಾಬೆ ತೀರಿಕೊಂಡಳು. “ಕುರ್ಚಿ ನೋಡ್ಕೋ,” ಎಂಬುದೇ ಸೊಸೆಗೆ ಹೇಳಿದ ಕೊನೆಯ ಮಾತು. ಆಮೇಲೆ ಆ ದೊಡ್ಡ ಮನೆಯಲ್ಲಿ ಟೆಲ್ಸ ಒಬ್ಬಳೇ. ಬೆಳಗ್ಗೆ ಹಸುವಿನ ಹತ್ತಿರ ಮಾತಾಡಿದರೆ ಮತ್ತೆ ಬಾಯಿ ತೆರೆಯುವುದು ಸಂಜೆ ಹಸುವಿನ ಹತ್ತಿರವೇ. ಕೆಲವು ದಿನ ತನ್ನ ದನಿ ತನಗೇ ಹೊಸದಾಗಿ ಕೇಳಿ ಬೆಚ್ಚಿಬೀಳುತ್ತಿದ್ದಳು. ಅಕ್ಟೋಬರ್ ಮುಗಿಯುತ್ತಿದ್ದಂತೆ ಬಸ್ಸಿನ ಸದ್ದಿಗೆ ಕಿವಿ ನಿಗುರುತ್ತಿತ್ತು. ಅದು ಯಾಕೆಂದು ಅವಳು ಕೇಳಿಕೊಳ್ಳಲಿಲ್ಲ.

ಆ ನವೆಂಬರಿನಲ್ಲಿ ಅವನು ಬಂದು, ಮುದುಕಿಯಿಲ್ಲದ ಮೂಲೆ ನೋಡಿ, ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ನಡುವೆ ನಿಂತ. ಕ್ಲಾಸನ ಕುರ್ಚಿ ಅವನ ಮೊಣಕಾಲಿಗೆ ತಗಲುವಷ್ಟು ಹತ್ತಿರದಲ್ಲಿತ್ತು.

“ಕೂತ್ಕೊಳ್ಳಿ, ಮೇಷ್ಟ್ರೇ,” ಎಂದು ಟೆಲ್ಸ ರೂಢಿಯಂತೆ ಸೌದೆಪೆಟ್ಟಿಗೆ ತೋರಿಸಿದಳು. ಅವನು ಹೋಗಿ ಅಲ್ಲೇ ಕೂತ.

ಐವತ್ತೈದರಲ್ಲಿ ಸರ್ಕಾರ ಮಾಸ್ಕೋಗೆ ಹೋಗಿ ಮಾತಾಡಿ ಬಂತು. ಅಲ್ಲಿ ಉಳಿದ ಯುದ್ಧದ ಸೆರೆಯಾಳುಗಳನ್ನೆಲ್ಲ ಬಿಡುತ್ತಾರಂತೆ! ಅಕ್ಟೋಬರಿನಲ್ಲಿ ರೈಲುಗಳು ಬಂದವು. ಬಂದವರ ಹೆಸರನ್ನು ರೇಡಿಯೋದಲ್ಲಿ ಓದುತ್ತಿದ್ದರು. ಟೆಲ್ಸ ಕೋಸನ್ನು ಹೊಲದಲ್ಲೇ ಬಿಟ್ಟು ರೇಡಿಯೋದ ಮುಂದೆ ಕೂತಳು. ಹಾರ್ಡರ್ಸ್ ಹೆಸರಿನ ‘ಹ’ ಅಕ್ಷರ ಬಂದಾಗ ಉಸಿರು ಹಿಡಿದು, ದಾಟಿದಾಗ ಬಿಡುತ್ತಿದ್ದಳು. ನಡುವೆ ರೈಲು ನಿಂತವು. ಮತ್ತೆ ಬರುತ್ತವೆ ಎಂದರು.

ಆ ನಡುವಿನಲ್ಲೇ ಬಸ್ಸು ಬಂತು. ಅವನು ಕೆಮ್ಮುತ್ತ ಒಳಗೆ ಬಂದ. ಅವಳು ಕಡುಬು ಮಾಡಿರಲಿಲ್ಲ, ಬ್ರೆಡ್ಡು ಕೊಯ್ದು ಕೊಟ್ಟಳು. ಕಿವಿ ರೇಡಿಯೋದ ಕಡೆಗೇ ಇತ್ತು. ಅವನು ಬ್ರೆಡ್ಡು ತಿಂದು ಮುಗಿಸಿ ಬಾಟಲಿ ಆಚೆ ತೆಗೆದ.

“ಇವತ್ತು ಹಚ್ಚೋಣವಾ?”

ಟೆಲ್ಸಳಿಗೆ ಮೈಯೆಲ್ಲ ಉರಿದುಹೋಯಿತು.

“ನಿಮಗೇನು ಕರುಳಿಲ್ವಾ? ಅಲ್ಲಿ ಇನ್ನೂ ಹೆಸರು ಓದಿ ಮುಗಿದಿಲ್ಲ, ನೀವು ಬಾಟ್ಲಿ ಹಿಡ್ಕೊಂಡು ಬಂದಿದ್ದೀರಿ! ನನ್ನ ಗಂಡ ಬರಬಾರದು ಅಂತಾನೇ ನಿಮ್ಮ ಆಸೆ, ಅಲ್ವಾ?”

ಅವನು ಬಾಟಲಿ ಹಿಡಿದೇ ಎದ್ದು ನಿಂತ. “ಇಲ್ಲ, ಯಜಮಾನಿಯವ್ರೇ. ಬರಲಿ. ಬಂದ ದಿನ ಬರೆದುಕೊಡ್ತೀನಿ ಅಂದಿದ್ದೆ, ಈಗಲೂ ಬರೆದುಕೊಡ್ತೀನಿ. ನನಗೂ ಅರವತ್ತೆರಡು ಆಯ್ತಲ್ಲ. ಒಂದು ಸಲ ನೋಡ್ಬೇಕಿತ್ತು, ಅಷ್ಟೇ.”

ಬಾಟಲಿಯನ್ನೂ ಬ್ರಷ್ಷನ್ನೂ ಕಿಟಕಿಯ ದಂಡೆಯ ಮೇಲಿಟ್ಟ. “ನೀವೇ ಹಚ್ಚುವಾಗ ಚಿತ್ರಾನ ಚಪ್ಪಟೆ ಮಲಗಿಸಿ. ಕೋಣೆ ಬೆಚ್ಚಗಿರ್ಲಿ. ತೆಳ್ಳಗೆ, ಅಡ್ಡಡ್ಡ ಎಳೀಬೇಕು, ಎಳೆದ ಜಾಗಕ್ಕೆ ಮತ್ತೆ ಹೋಗಬಾರದು. ಒಣಗೋವರೆಗೆ ಅಲ್ಲಿ ಓಡಾಡಬೇಡಿ, ಧೂಳು ಕೂರುತ್ತೆ.” ಕೈಗವಸು ಹಾಕಿಕೊಂಡು ಹೊರಟ. ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ತಿರುವಿನಲ್ಲಿ, ಗಾಳಿಯಲ್ಲಿ, ಅಷ್ಟು ಹೊತ್ತೂ ನಿಂತಿದ್ದ. ಟೆಲ್ಸ ಕಿಟಕಿಯಿಂದ ನೋಡಿದಳು, ಕರೆಯಲಿಲ್ಲ.

ಜನವರಿ ನಡುವಿನಲ್ಲಿ ಕೊನೆಯ ರೈಲು ಬಂತು. ಹೆಸರು ಓದಿ ಮುಗಿಸಿ, ಇನ್ನು ಯಾರೂ ಇಲ್ಲ ಎಂದರು. ಟೆಲ್ಸ ರೇಡಿಯೋ ಆರಿಸಿ ಹಾಲು ಕರೆಯಲು ಹೋದಳು. ಮೂರು ವಾರ ಏನನ್ನೂ ಯೋಚಿಸಲಿಲ್ಲ. ಆಮೇಲೊಂದು ದಿನ ಡ್ರಾಯರಿನಿಂದ ಕಾಗದ ತೆಗೆದು, ಪೆನ್ನು ಹುಡುಕಿ, ಸಹಿ ಹಾಕಿದಳು. ಅಳು ಬರಲಿಲ್ಲ. ಎಂದೋ ಅತ್ತು ಮುಗಿದಿತ್ತು. ಬಂದದ್ದು ಒಂದೇ ಯೋಚನೆ, ಮೇಷ್ಟ್ರನ್ನು ಕರೆದು ತರಬೇಕು. ನವೆಂಬರ್‌ವರೆಗೆ ಕಾಯಿಸಬಾರದು. ಅಂದದ್ದು ತಪ್ಪಾಯಿತು ಎನ್ನಬೇಕು.

ಕಡುಬಿಗೆ ಹಿಟ್ಟು ಕಲಸಿಟ್ಟು ಬೆಳಗಿನ ಬಸ್ಸು ಹತ್ತಿದಳು. ನಿರಾಶ್ರಿತರ ಶೆಡ್ಡುಗಳ ಸಾಲಿನಲ್ಲಿ ಅರ್ಧ ಖಾಲಿಯಾಗಿದ್ದವು. ಅವನ ಬಾಗಿಲಿಗೆ ಬೀಗವಿತ್ತು. ಪಕ್ಕದ ಹೆಂಗಸು ಬಕೆಟ್ಟು ಹಿಡಿದು ಹೊರಗೆ ಬಂದಳು.

“ಯಾರು, ಮೇಷ್ಟ್ರಾ? ಹೋಗ್ಬಿಟ್ರಲ್ಲಮ್ಮ. ಹತ್ತು ದಿನ ಆಯ್ತು. ನವೆಂಬರಿನಲ್ಲಿ ಎಲ್ಲೋ ಚಳೀಲಿ ನಿಂತು ಬಂದ್ರು, ಎದೆ ಹಿಡ್ಕೊಂಡಿದ್ದು ಬಿಡಲೇ ಇಲ್ಲ. ನೀವು ಸಂಬಂಧಿಕರಾ?”

ಟೆಲ್ಸ ಅಲ್ಲವೆಂದು ತಲೆಯಾಡಿಸಿದಳು.

“ಅವರ ಚಿತ್ರಗಳು?”

“ಏನೋ, ಚರ್ಚಿನವರು ಕಟ್ಟಿ ಒಯ್ದರು. ಒಂದು ನನ್ನತ್ರ ಇದೆ. ಕಿಟಕಿ ಗಾಜು ಒಡೆದಿತ್ತು, ಮಗೂಗೆ ಗಾಳಿ ಹೊಡೀತಿದೆ ಅಂತ ಅವರೇ ತಂದು ಬಡಿದುಕೊಟ್ರು. ನನ್ನ ಮಗಂದೇ ಮುಖ. ಮುಖ ಒಳಗಡೆ ಬರೋ ಹಾಗೇನೇ ಹಾಕಿದ್ದಾರೆ, ಬನ್ನಿ ನೋಡಿ.”

ಟೆಲ್ಸ ನೋಡಲಿಲ್ಲ. ಮರಳುವ ಬಸ್ಸಿನಲ್ಲಿ ಗಾಜಿಗೆ ಹಣೆಯಾನಿಸಿ ಕೂತಳು. ದಾರಿಯುದ್ದಕ್ಕೂ ಹಿಮ ಬಿದ್ದಿತ್ತು, ಹೊಲದಲ್ಲಿ ಅವಳು ಕೊಯ್ಯದೆ ಬಿಟ್ಟ ಕೋಸುಗಳು ಕಪ್ಪಾಗಿ ಕೊಳೆತಿದ್ದವು. ಆ ಎರಡು ಗಂಟೆ ಒಳಗೆ ಕೂತು ಕಾಯಿರಿ ಎಂದಿದ್ದರೆ? ಈ ಪ್ರಶ್ನೆ ಮನೆಯವರೆಗೂ ಜೊತೆಗೆ ಬಂತು.

ಮನೆಗೆ ಬಂದವಳೇ ಒಲೆ ಹಚ್ಚಿದಳು. ದೊಡ್ಡ ಕೋಣೆಯ ಬಾಗಿಲು ತೆರೆದು, ಎಂಟು ವರ್ಷ ಕತ್ತಲಲ್ಲಿದ್ದ ಚಿತ್ರ ಇಳಿಸಿ, ಅಡುಗೆಮನೆಗೆ ಹೊತ್ತು ತಂದು ಕಿಟಕಿಯ ಮುಂದಿನ ಮೇಜಿನ ಮೇಲೆ ಚಪ್ಪಟೆ ಮಲಗಿಸಿದಳು. ಮಧ್ಯಾಹ್ನದ ಬಿಸಿಲು ಹಿಮದಿಂದ ಎದ್ದು ಒಳಗೆ ಬೀಳುತ್ತಿತ್ತು. ಬಾಟಲಿಯನ್ನು ಕೋಟಿನೊಳಗೆ, ಮೈಗೆ ಒತ್ತಿಕೊಂಡು ಬೆಚ್ಚಗೆ ಮಾಡಿದಳು. ಅಷ್ಟು ಸಲ ಅವನು ತಂದದ್ದೂ ಹೀಗೇ.

ತೆಳ್ಳಗೆ, ಅಡ್ಡಡ್ಡ. ಮೊದಲು ಗೋಡೆ. ಬೂದಿಯಂತಿದ್ದ ಕಂದು ಒದ್ದೆಯಾಗಿ ಆಳವಾಯಿತು. ಆಮೇಲೆ ಮುಖ. ಕೋಸಿನ ಹಸಿರು ಎಂದು ಅತ್ತೆ ನಕ್ಕಿದ್ದ ಬಣ್ಣ ನೋಡನೋಡುತ್ತಲೇ ತಿಳಿಯಾಯಿತು. ಅದು ಈ ಕಿಟಕಿಯಿಂದ ಆ ನವೆಂಬರಿನಲ್ಲಿ ಕೆನ್ನೆಯ ಮೇಲೆ ಬಿದ್ದ ಹೊಲದ ಬೆಳಕೇ ಆಗಿತ್ತು. ಮುಖ ದಣಿದಿತ್ತು, ಆದರೆ ಚೆಂದವಿತ್ತು. ತಾನು ಹೀಗಿದ್ದೆನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಕುರ್ಚಿ. ಬ್ರಷ್ಷಿನ ಹಿಂದೆಯೇ ಕತ್ತಲೊಳಗಿಂದ ಬೆನ್ನಪಟ್ಟಿ ಬಂತು, ಕಾಲು ಬಂತು, ಕೂರುವ ಹಲಗೆ ಬಂತು. ಚಹಾದ ಕಲೆಯ ಮೇಲೆ ಬ್ರಷ್ ಎಳೆದು ಅವಳು ಕೈ ಎತ್ತಿದಳು.

ಕುರ್ಚಿ ಖಾಲಿಯಿರಲಿಲ್ಲ. ಅದರ ಮೇಲೆ ಒಂದು ಜೊತೆ ಬೂದು ಕೈಗವಸು, ಒಂದರ ಮೇಲೊಂದು ಮಡಚಿಟ್ಟದ್ದು. ಬಲಗೈಯ ಹೆಬ್ಬೆರಳು ಕೆಂಪು. ಅವಳು ಹಾಕಿದ ಹೆಣಿಗೆ ಒಂದೊಂದೂ ಎಣಿಸುವಂತೆ ಬರೆದಿದ್ದ.

ಅತ್ತೆ ಎತ್ತು ಎಂದದ್ದಕ್ಕೆ ಎತ್ತಿದ್ದ. ಚಿತ್ರದಲ್ಲಿ ಎತ್ತಿರಲಿಲ್ಲ. ಇಷ್ಟು ವರ್ಷ ಬಂದು, ಇದನ್ನು ಬಾಯಲ್ಲಿ ಒಂದು ಸಲವೂ ಹೇಳದೆ, ಇವಳೇ ನೋಡಲಿ ಎಂದು ಕೇಳಿ ಕೇಳಿ ಹೋಗಿದ್ದ. ಕ್ಲಾಸ್ ಬಂದಿದ್ದರೆ ತನ್ನ ಕೈಯಾರೆ ಅದರ ಮೇಲೆ ಬಣ್ಣ ಬಳಿದು ಅವನನ್ನು ಕೂರಿಸಿಬಿಡುತ್ತಿದ್ದ. ಖಂಡಿತ ಮಾಡುತ್ತಿದ್ದ, ಅಂಥ ಮನುಷ್ಯ. ಈ ಮನೆಯ ಕುರ್ಚಿಯಲ್ಲಿ ಒಂದು ಸಲ ಕೂತ್ಕೊಳ್ಳಿ ಎಂದು ಅವನಿಗೆ ಅವಳು ಹೇಳಲಿಲ್ಲ. ಮುದುಕಿ ಸತ್ತ ಮೇಲೂ ಹೇಳಲಿಲ್ಲ.

ಎದೆಯೊಳಗಿಂದ ಅಳು ನುಗ್ಗಿ ಬಂತು. ಓಡಿಹೋಗಿ ಕೊಟ್ಟಿಗೆಯಲ್ಲಿ ಬೀಳಬೇಕೆನ್ನಿಸಿತು. ಆದರೆ ಓಡಾಡಬೇಡಿ ಎಂದಿದ್ದ. ವಾರ್ನಿಷ್ ಇನ್ನೂ ಹಸಿಯಾಗಿತ್ತು.

ಟೆಲ್ಸ ಉಸಿರು ಬಿಗಿಹಿಡಿದು, ಕಾಲ್ಬೆರಳ ತುದಿಯಲ್ಲಿ ಹೆಜ್ಜೆಯಿಟ್ಟು ಒಲೆಯ ಪಕ್ಕಕ್ಕೆ ಹೋದಳು. ಸೌದೆಪೆಟ್ಟಿಗೆಯ ಮೇಲೆ ಕೂತಳು. ಅಲ್ಲಿಂದ ಮೇಜು ಕಾಣುತ್ತಿತ್ತು, ಮೇಜಿನ ಆಚೆ ಕ್ಲಾಸನ ಕುರ್ಚಿಯೂ ಕಾಣುತ್ತಿತ್ತು. ಪೆಟ್ಟಿಗೆಯ ಮುಚ್ಚಳ ಒಡಕಲಾಗಿತ್ತು, ತೊಡೆಗೆ ಒತ್ತುತ್ತಿತ್ತು. ಪ್ರತಿ ನವೆಂಬರಿನಲ್ಲೂ ಅವನಿಗೆ ಒತ್ತಿದ್ದು ಇದೇ. ಹೊರಗೆ ಮೂರು ಗಂಟೆಯ ಬಸ್ಸು ತಿರುವಿನಲ್ಲಿ ನಿಲ್ಲದೆ ಹೋಯಿತು. ಕಣ್ಣೀರು ಗಲ್ಲದಿಂದ ಇಳಿಯುತ್ತಿದ್ದರೂ ಅವಳು ಕೈ ಎತ್ತಿ ಒರೆಸಿಕೊಳ್ಳಲಿಲ್ಲ. ಧೂಳು ಏಳಬಾರದೆಂದು ಕತ್ತಲಾಗುವವರೆಗೂ ಅಲುಗಾಡದೆ ಕೂತಿದ್ದಳು.